ಗುಂಡು ಮೇಷ್ಟ್ರ ಸಿಲಿಂಡರು

ವೃತ್ತ ಸರಿಯಾಗಿಯೇ ಬಂದಿತ್ತು, ಕೈಕೊಟ್ಟದ್ದು ಸಿಲಿಂಡರು. ತ್ರಿಜ್ಯ ಐದು ಎಂದು ಕೊಟ್ಟರೆ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಎಪ್ಪತ್ತೆಂಟೂವರೆ ಎಂದು ಬೆಳ್ಳಗೆ, ಜಾಣ ಹುಡುಗ ಒಪ್ಪಿಸಿದ ಪಾಠದಂತೆ ಮೂಡುತ್ತಿತ್ತು. ಅದರ ಕೆಳಗೇ, ಆ ಉತ್ತರದ ಮರ್ಯಾದೆ ತೆಗೆಯಲೆಂದೇ ಹೊಂಚುಹಾಕಿ ಕೂತಿದ್ದ ಹಾಗೆ, ತಪ್ಪು ಎಂದು ಸಾರುವ ನಾಲ್ಕಾರು ಕೆಂಪು ಸಾಲು. ಗುಂಡು ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ನೋಡಿದರು, ಮೂಗಿಗಿಳಿಸಿ ನೋಡಿದರು, ಮತ್ತೆ ಕೀಲಿ ಒತ್ತಿದರು. ಮತ್ತೆ ಎಪ್ಪತ್ತೆಂಟೂವರೆ, ಮತ್ತೆ ಕೆಂಪು. ಕೆಂಪು ಶಾಯಿಯನ್ನು ಜೀವಮಾನವಿಡೀ ಬೇರೆಯವರ ಪುಸ್ತಕಕ್ಕೆ ಸುರಿದವರಿಗೆ ಅದು ತಮ್ಮ ಕಡೆಗೆ ತಿರುಗಿದಾಗ ಎಷ್ಟು ಉರಿಯುತ್ತದೆಂದು ಗೊತ್ತಿರಲಿಲ್ಲ. ಅವರೇನೂ ಗುಂಡಗಿರಲಿಲ್ಲ, ಬಟ್ಟೆ ಹರಿದ ಕೊಡೆಯ ಕಡ್ಡಿಯಂತಿದ್ದರು. ಕಂಪಾಸಿನ ಹಂಗಿಲ್ಲದೆ, ಮಕ್ಕಳ ಕಡೆ ಮುಖ ಮಾಡಿಕೊಂಡೇ, ಭುಜವನ್ನು ಒಂದು ಸುತ್ತು ತಿರುಗಿಸಿಬಿಟ್ಟರೆ ಬೋರ್ಡಿನ ಮೇಲೆ ಹಿಟ್ಟು ಜರಡಿಯ ಅಂಚಿನಷ್ಟು ದುಂಡನೆಯ ವೃತ್ತ ಬೀಳುತ್ತಿತ್ತು. ಆ ವೃತ್ತದಿಂದ ಬಂದ ಹೆಸರು ಅದು. ಈಗ ಆ ಭುಜಕ್ಕೆ ಕೆಲಸವಿರಲಿಲ್ಲ. ತೋರುಬೆರಳೊಂದೇ, ಧಾನ್ಯ ಹೆಕ್ಕುವ ಮುದಿ ಕೋಳಿಯ ಹಾಗೆ, ಅಕ್ಷರದಿಂದ ಅಕ್ಷರಕ್ಕೆ ತಡಕಾಡುತ್ತಿತ್ತು. ಕುರ್ಚಿಗೆ ಗಾಲಿಗಳಿದ್ದವು. ಸ್ವಲ್ಪ ಒತ್ತಿ ಕೂತರೆ ಹಿಂದಕ್ಕೆ ಜಾರುತ್ತಿತ್ತು, ಮುಂದಕ್ಕೆ ಎಳೆದುಕೊಂಡರೆ ಮಂಡಿ ಮೇಜಿಗೆ ಬಡಿಯುತ್ತಿತ್ತು. ಕುರ್ಚಿಯೂ ತನ್ನನ್ನು ಹೊರಗೆ ತಳ್ಳುತ್ತಿದೆ ಎಂದುಕೊಂಡು ಅವರು ಕಾಲನ್ನು ಮೇಜಿನ ಕಾಲಿಗೆ ಸುತ್ತಿ ಕೂತರು.

"ಅದು ಬಡ್ಕೊಂಡ್ರೆ ಬರೋದಲ್ಲ ಮೇಷ್ಟ್ರೆ, ಮುದ್ದು ಮಾಡ್ಬೇಕು," ಎಂದರು ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು. ಅವರ ಪರದೆಯ ಮೇಲೆ ಬೆಳಗಿನಿಂದ ಒಂದೇ ಒಂದು ಸಾಲಿತ್ತು. ಅದನ್ನೂ ಅವರು ಮುಂದಿನ ಸಾಲಿನ ವಿಜ್ಞಾನದ ಮೇಡಂ ಹೆಗಲ ಮೇಲಿಂದ ಇಣುಕಿ ಬರೆದುಕೊಂಡಿದ್ದರು.

"ಉತ್ತರ ಸರಿ ಇದೆ. ಕಣ್ಣಿಗೆ ಕಾಣ್ತಿದೆ. ಇನ್ನೇನು ಬೇಕಂತೆ ಇದಕ್ಕೆ?"

"ಮದುವೆ ಮನೇಲಿ ಬೀಗರಿಗೆ ಏನು ಬೇಕಿರುತ್ತೆ? ಮುನಿಸ್ಕೊಳ್ಳೋಕೊಂದು ನೆಪ."

ಮೇಷ್ಟ್ರಿಗೆ ನಗು ಬರಲಿಲ್ಲ. ಬೀಗರು ಎಂಬ ಮಾತು ಕಿವಿಯೊಳಗೆ ಹೊಕ್ಕ ಹುಳದಂತೆ ಅಲ್ಲೇ ಮಿಸುಕಾಡಿತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದಾಗ ಮಗಳ ಫೋನು ಬಂದಿತ್ತು. ನೊರೆಯಿಲ್ಲದ ಕಡೆಯ ಕಿವಿಗೆ ಹಿಡಿದುಕೊಂಡು, ಹೇಳಮ್ಮ, ಎಂದಿದ್ದರು. "ಅಪ್ಪ, ನಾನು ಮನೆಗೆ ಬಂದ್ಬಿಡ್ಲಾ?" ಅವಳು ಅಷ್ಟೇ ಕೇಳಿದ್ದು. ಅಳುತ್ತಿರಲಿಲ್ಲ. ಪೆನ್ಸಿಲ್ ತಗೊಳ್ಲಾ ಎಂದು ಕೇಳಿದ ಹಾಗಿತ್ತು. ಅವಳನ್ನು ಆ ಮನೆಯಲ್ಲಿ ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅಲ್ಲಿ ಅವಳೊಂದಿಗೆ ಯಾರೂ ಮಾತೇ ಆಡುತ್ತಿರಲಿಲ್ಲ. ಗಂಡ ಅವಳಿಗೆ ಹೇಳಬೇಕಾದದ್ದನ್ನು ತಾಯಿಗೆ ಹೇಳುತ್ತಿದ್ದ, ತಾಯಿ ಅದನ್ನು ಗೋಡೆಗೆ ಹೇಳುತ್ತಿದ್ದಳು. ಇದನ್ನು ಮಗಳು ಹಿಂದೊಮ್ಮೆ ನಗುತ್ತ ಹೇಳಿದ್ದಳು, ಅವರೂ ನಕ್ಕಿದ್ದರು. ಆದರೆ ಬೆಳಿಗ್ಗೆ ಆ ಪ್ರಶ್ನೆ ಬಂದೊಡನೆ ಅವರು ನಗಲಿಲ್ಲ, ಗಂಟಲು ಸರಿಮಾಡಿಕೊಂಡು ಮಾತಾಡಿದರು. ಸಂಸಾರವೆಂಬುದರ ಸ್ವಭಾವ ಹೇಳಿದರು. ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಸರಳರೇಖೆಯೇ ಆದರೂ ಮನುಷ್ಯರ ನಡುವೆ ಹಾಗಲ್ಲ ಎಂದರು. ದುಡುಕಿದರೆ ಹೀಗೆ, ತಾಳಿದರೆ ಹೀಗೆ, ಅವರ ದೃಷ್ಟಿಯಿಂದ ನೋಡಿದರೆ ಹೀಗೆ, ನಿನ್ನ ದೃಷ್ಟಿಯಿಂದಲೂ ತಪ್ಪೇನಿಲ್ಲ ಎಂದರು. ದೇವರು ಯಾರ ಕೈಯನ್ನೂ ಬಿಡುವುದಿಲ್ಲ ಎಂದರು. ಮಾತು ಮುಗಿಯುವ ಹೊತ್ತಿಗೆ ಕೆನ್ನೆಯ ನೊರೆ ಒಣಗಿ ಚರ್ಮ ಬಿಗಿದಿತ್ತು. "ಸರಿ ಅಪ್ಪ," ಎಂದಿದ್ದಳು ಅವಳು. ಒಳ್ಳೆಯ ಪಾಠವೊಂದು ಗಂಟೆಗೆ ಸರಿಯಾಗಿ ಮುಗಿದಾಗ ಬರುವ ತೃಪ್ತಿ ಅವರಿಗೆ ಬಂದಿತ್ತು. ಒಣಗಿದ ನೊರೆಯ ಮೇಲೆ ಬ್ಲೇಡು ಎಳೆದಾಗ ಗದ್ದ ಕೊಯ್ದುಕೊಳ್ಳುವ ತನಕ.

ಗದ್ದದ ಮೇಲೆ ಈಗಲೂ ಕಾಗದದ ಚೂರು ಅಂಟಿಕೊಂಡಿತ್ತು. ತರಬೇತಿ ಕೊಡುತ್ತಿದ್ದ ಹುಡುಗಿ ಹತ್ತಿರ ಬಂದಾಗ ಅವರಿಗೆ ಅದು ನೆನಪಾಗಿ ಕೈಯಿಂದ ಮುಚ್ಚಿಕೊಂಡರು. ನೆಗಡಿಯಿಂದ ಮೂಗು ಕೆಂಪಾಗಿದ್ದ ಆ ಹುಡುಗಿಯನ್ನು ಶಾಲೆಯವರು ಹೊರಗಿನಿಂದ ಕರೆಸಿದ್ದರು. ಮುಂದಿನ ವರ್ಷದಿಂದ ಮಕ್ಕಳು ರೇಖಾಗಣಿತದ ಲೆಕ್ಕಗಳಿಗೆ ತಾವೇ ಪುಟ್ಟ ಪುಟ್ಟ ಫಂಕ್ಷನ್ ಬರೆಯಬೇಕಂತೆ, ಹಾಗಾಗಿ ಮೊದಲು ಮೇಷ್ಟ್ರುಗಳು ಬರೆಯಬೇಕು. ಇವತ್ತು ಮುಗಿಸದವರು ಮುಂದಿನ ತಂಡದ ಜೊತೆ ಮೊದಲಿಂದ ಕೂರಬೇಕು ಎಂದು ಹೆಡ್ ಮೇಡಂ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಹೇಳಿಹೋಗಿದ್ದರು, ಹೇಳುವಾಗ ಯಾರನ್ನೂ ನೋಡಿರಲಿಲ್ಲ, ಹಾಗೆ ನೋಡದಿದ್ದದ್ದೇ ತಮ್ಮನ್ನು ನೋಡಿದಂತೆ ಮೇಷ್ಟ್ರಿಗೆ ತಾಗಿತ್ತು. ಫಂಕ್ಷನ್ ಅಂದರೆ ಒಂದು ಪುಟ್ಟ ಗಿರಣಿ ಅಂದುಕೊಳ್ಳಿ, ಎಂದಿದ್ದಳು ಹುಡುಗಿ. ಒಂದು ಕಡೆಯಿಂದ ಅಳತೆ ಹಾಕುತ್ತೀರಿ, ಇನ್ನೊಂದು ಕಡೆಯಿಂದ ಲೆಕ್ಕ ಬರುತ್ತದೆ, ಬಂದದ್ದನ್ನು ಮುಂದಿನ ಗಿರಣಿ ತಗೊಂಡು ತನ್ನ ಕೆಲಸ ಮಾಡುತ್ತದೆ. ಮೊದಲು ವೃತ್ತದ ವಿಸ್ತೀರ್ಣ ಬರೆಯಿರಿ. ಆಮೇಲೆ ಸಿಲಿಂಡರಿಗೆ ಹೊಸದಾಗಿ ಏನೂ ಬೇಡ, ವೃತ್ತವನ್ನೇ ಕರೆದು, ಅದು ಕೊಟ್ಟದ್ದನ್ನು ಎತ್ತರದಿಂದ ಗುಣಿಸಿದರೆ ಮುಗಿಯಿತು.

ಎಷ್ಟು ಸುಲಭ! ಇದನ್ನು ಕಲಿಯಲು ಬೆಳಗಿನಿಂದ ಕೂತಿದ್ದಾರೆ ಅಂದರೆ ಯಾರಾದರೂ ಕೇಳಿದರೆ ನಗುವಂಥದ್ದು. ಸಿಲಿಂಡರಿನ ಘನಫಲವನ್ನು ಅವರು ನಿದ್ದೆಗಣ್ಣಿನಲ್ಲಿ ಹೇಳಬಲ್ಲರು. ನಿದ್ದೆಯಲ್ಲಿ ಹೇಳಿದ್ದೂ ಉಂಟು ಎಂದು ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದಳು. ಅಡಿಗೆಗೆ ಉಪ್ಪು ಎಷ್ಟು ಹಾಕಲಿ ಅಂತ ಇವರನ್ನು ಕೇಳಿದರೆ ಸಮುದ್ರ ಹುಟ್ಟಿದ ಕಥೆಯಿಂದ ಶುರುಮಾಡುತ್ತಾರೆ, ಅಷ್ಟರಲ್ಲಿ ತಳ ಸೀದಿರುತ್ತದೆ ಎಂದೂ ಬಂದವರ ಮುಂದೆ ಹೇಳಿ ನಗಿಸುತ್ತಿದ್ದಳು. ಅವರೂ ಹಿಗ್ಗಿ ನಗುತ್ತಿದ್ದರು, ಅದು ಹೊಗಳಿಕೆ ಎಂದು ತಿಳಿದು.

"ಸಾರ್, ಏನಾಯ್ತು?" ಹುಡುಗಿ ಬಗ್ಗಿದಳು. "ಅಯ್ಯೋ, ಇಷ್ಟೊಂದು ಸಾಲು ಯಾಕಿದೆ? ಎರಡೇ ಸಾಲು ಸಾಕಲ್ವಾ?"

"ಎರಡು ಸಾಲಲ್ಲಿ ಅರ್ಥ ಆಗುತ್ತಾ ಮಕ್ಕಳಿಗೆ? ಬರೀ ಉತ್ತರ ಉಗುಳಿದ್ರೆ ಗಣಿತ ಆಗಲ್ಲಮ್ಮ. ಕ್ರಮ ಬೇಕು."

"ಕ್ರಮ ಇರ್ಲಿ ಸಾರ್. ಒಂದ್ಸಲ ದೊಡ್ಡ ಪರದೆ ಮೇಲೆ ಹಾಕ್ತೀನಿ, ಎಲ್ರಿಗೂ ಉಪಯೋಗ ಆಗುತ್ತೆ."

ಬೇಡ ಎನ್ನುವಷ್ಟರಲ್ಲಿ ಅವರ ಫಂಕ್ಷನ್ ಗೋಡೆಯ ಮೇಲಿತ್ತು. ಹುಡುಗಿ ಅದನ್ನು ಓಡಿಸಿದಳು. ಮೊದಲು ತ್ರಿಜ್ಯವನ್ನು ಗಮನಿಸೋಣ, ಎಂದಿತು ಗೋಡೆ. ತ್ರಿಜ್ಯವನ್ನು ಅದರಿಂದಲೇ ಗುಣಿಸಿದರೆ ಇಪ್ಪತ್ತೈದು. ವೃತ್ತ ಚಂದ್ರನಷ್ಟು ದೊಡ್ಡದಿರಲಿ, ಬಳೆಯಷ್ಟು ಚಿಕ್ಕದಿರಲಿ, ಸುತ್ತಳತೆಗೂ ವ್ಯಾಸಕ್ಕೂ ಇರುವ ಸಂಬಂಧ ಬದಲಾಗದು. ಇದನ್ನು ಚೆನ್ನಾಗಿ ನೆನಪಿಡಿ. ಈಗ ಇಪ್ಪತ್ತೈದನ್ನು ಆ ಸಂಖ್ಯೆಯಿಂದ ಗುಣಿಸೋಣ. ಅವಸರ ಬೇಡ. ಹೀಗೆ ಸಾಲು ಸಾಲಾಗಿ, ಬಿಡಿ ಅಕ್ಷರಗಳನ್ನು ಕುಟುಕಿ ಕುಟುಕಿ ಅವರು ಸೇರಿಸಿಟ್ಟ ಪಾಠವೆಲ್ಲ ಕಣ್ಣು ಮಿಟುಕಿಸುವುದರೊಳಗೆ ಗೋಡೆಯ ಮೇಲೆ ಸುರಿದು, ಎಪ್ಪತ್ತೆಂಟೂವರೆಗೆ ಬಂದು ನಿಂತು, ಕೆಂಪಿಗೆ ಬಿದ್ದಿತು.

ಯಾರೋ ಮೊದಲು ಕೆಮ್ಮಿದರು. ಆಮೇಲೆ ವಿಜ್ಞಾನದ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಮೇಷ್ಟ್ರೆ," ಎಂದರು ಡ್ರಾಯಿಂಗ್ ಮೇಷ್ಟ್ರು ಗಂಭೀರವಾಗಿ, "ನಿಮ್ಮ ಫಂಕ್ಷನ್ನು ಬೆಲ್ ಹೊಡೆದ್ರೂ ಬಿಡಲ್ವಲ್ರೀ!" ಇಡೀ ಕೋಣೆ ನಕ್ಕಿತು. ಒಳ್ಳೆಯ ನಗುವೇ ಅದು, ಕೇಡಿನದಲ್ಲ. ಅದು ಗೊತ್ತಿದ್ದದ್ದರಿಂದಲೇ ಸಿಟ್ಟು ಎಲ್ಲಿಗೂ ಹೋಗಲಾಗದೆ ಅವರ ಕಿವಿಗಳಿಗೆ ಏರಿ ನಿಂತಿತು. ಹಿಂದೆ ಎಷ್ಟೋ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಇಂಥದೇ ಒಳ್ಳೆಯ ನಗು ನಗಿಸಿದ್ದು ನೆನಪಾಯಿತು. ಆ ಮಕ್ಕಳ ಕಿವಿಗಳು ಹೇಗಿದ್ದವೆಂದು ಅವರು ನೋಡಿರಲಿಲ್ಲ. ನೋಡುತ್ತಿದ್ದದ್ದು ಬೋರ್ಡನ್ನು.

"ಇರಿ ಇರಿ, ನಗಬೇಡಿ, ಸಾರ್ ಲೆಕ್ಕ ಪೂರ್ತಿ ಸರಿ ಇದೆ," ಎಂದಳು ಹುಡುಗಿ, ಮೂಗು ಒರೆಸಿಕೊಳ್ಳುತ್ತ. ಆ ಕರುಣೆ ನಗುವಿಗಿಂತ ಕೆಟ್ಟದಾಗಿತ್ತು. "ಆದ್ರೆ ಸಾರ್, ಇದು ಉತ್ತರಾನ ಬರೀ ತೋರಿಸ್ತಿದೆ. ಕೊಡ್ತಿಲ್ಲ."

"ತೋರಿಸೋದೂ ಕೊಡೋದೂ ಎರಡೇನಮ್ಮ? ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ತಗೊಳ್ತಾರೆ."

"ನೋಡೋಕೆ ಕಣ್ಣಿರೋರು ತಗೊಳ್ತಾರೆ ಸಾರ್. ಸಿಲಿಂಡರಿಗೆ ಕಣ್ಣಿಲ್ಲ. ಅದು ಕೈ ಚಾಚಿ ಕಾಯ್ತಾ ಇರುತ್ತೆ. ವೃತ್ತ ಇಷ್ಟೆಲ್ಲ ಮಾತಾಡಿ, ಕೊನೇಲಿ ಅದರ ಕೈಗೆ ಏನೂ ಇಡದೆ ಹೋಗ್ಬಿಡುತ್ತೆ. ಬರಿಗೈನ ಎತ್ತರದಿಂದ ಗುಣಿಸು ಅಂದ್ರೆ ಪಾಪ ಅದೇನು ಮಾಡುತ್ತೆ? ಕೆಂಪಗೆ ಕಿರಿಚ್ಕೊಳ್ಳುತ್ತೆ."

"ಹಾಗಾದ್ರೆ ಸೊನ್ನೆ ಅಂತ ತಗೊಳ್ಳಲಿ! ಸೊನ್ನೆಯಿಂದ ಗುಣಿಸಬಾರದು ಅಂತ ಯಾರು ಹೇಳಿದ್ದು?" ಅವರ ದನಿ ಏರಿತ್ತು.

"ಸೊನ್ನೆ ಕೊಟ್ಟಿದ್ರೂ ನಡೀತಿತ್ತು ಸಾರ್," ಎಂದಳು ಹುಡುಗಿ ಮೆಲ್ಲಗೆ. "ಸೊನ್ನೆನೂ ಒಂದು ಉತ್ತರವೇ. ಇದು ಸೊನ್ನೆನೂ ಅಲ್ಲ. ಇದು ಏನೂ ಹೇಳ್ಲೇ ಇಲ್ಲ."

ಹೇಳುತ್ತ ಕೈಚಾಚಿ ಅವರ ಕೊನೆಯ ಸಾಲಿನಲ್ಲಿ ತೋರಿಸು ಎಂಬರ್ಥದ ಪದ ಅಳಿಸಿ ಕೊಡು ಎಂಬರ್ಥದ ಪದ ಬರೆದಳು. ಎತ್ತರ ಹತ್ತು ಎಂದು ಕೊಟ್ಟಿದ್ದ ಸಿಲಿಂಡರು ಏಳುನೂರ ಎಂಬತ್ತೈದು ಎಂದಿತು. ಅಷ್ಟೇ. ಡ್ರಾಯಿಂಗ್ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹುಡುಗಿ ಬೇರೆ ಮೇಜಿಗೆ ಹೋದಳು, ಗೋಡೆ ಬೆಳ್ಳಗಾಯಿತು. ಗುಂಡು ಮೇಷ್ಟ್ರು ಮಾತ್ರ ಅವಳು ಬರೆದ ಪದವನ್ನು ಅಳಿಸಿ ತಮ್ಮ ಹಳೆಯದನ್ನೇ ಮತ್ತೆ ಬರೆದರು. ಯಾಕೆಂದು ಕೇಳಿದ್ದರೆ ಅವರಿಗೇ ಗೊತ್ತಿರಲಿಲ್ಲ. ತಮ್ಮ ಪುಸ್ತಕದಲ್ಲಿ ಬೇರೆಯವರ ಕೈಬರಹ ಎಂಬ ಹಟವಿರಬಹುದು. ಕೀಲಿ ಒತ್ತಿದರು. ಅವಸರ ಬೇಡ, ಎಂದಿತು ಪರದೆ. ಎಪ್ಪತ್ತೆಂಟೂವರೆ. ಕೆಂಪು.

ಸರಿ ಅಪ್ಪ. ತರಗತಿಯಲ್ಲಿ ಎರಡು ಥರದ ಸರಿಗಳಿರುತ್ತವೆ, ಅದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅರ್ಥವಾದವನ ಸರಿ ಸ್ವಲ್ಪ ತಡವಾಗಿ, ತೊದಲುತ್ತ ಬರುತ್ತದೆ, ಅದರ ಬಾಲಕ್ಕೊಂದು ಪ್ರಶ್ನೆ ಅಂಟಿರುತ್ತದೆ. ಅರ್ಥವಾಗದವನ ಸರಿ ಥಟ್ಟನೆ ಬರುತ್ತದೆ, ನುಣ್ಣಗೆ, ದುಂಡಗೆ, ಮೇಷ್ಟ್ರು ಇನ್ನು ಸಾಕುಮಾಡಲಿ ಎಂಬಂತೆ. ಬೆಳಗಿನದು ಯಾವುದು ಎಂದು ಅವರು ಕೇಳಿಕೊಳ್ಳಲಿಲ್ಲ, ಕೇಳಿಕೊಳ್ಳದೆಯೇ ಗೊತ್ತಿತ್ತು. ಅದಕ್ಕೂ ಹಿಂದಿನದೊಂದು ಸರಿ ಇತ್ತು. ಮಗಳಿಗೆ ಈ ಸಂಬಂಧದ ಮಾತುಕತೆ ನಡೆದಾಗ, ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ಅವರ ಮೇಜಿನ ಅಂಚಿಗೆ ಬಂದು ನಿಂತು, ಅಲ್ಲಿದ್ದ ಸೀಮೆಸುಣ್ಣದ ಚೂರನ್ನು ಬೆರಳಲ್ಲಿ ಉರುಳಿಸುತ್ತ, ಅಪ್ಪ, ನಿನಗೇನನ್ನಿಸುತ್ತೆ ಎಂದು ಕೇಳಿದ್ದಳು. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಿದ್ದರು, ಅಷ್ಟರಮಟ್ಟಿಗೆ ಗೌರವ ಕೊಟ್ಟಿದ್ದರು ಆ ಪ್ರಶ್ನೆಗೆ. ಹುಡುಗನ ಓದು, ಮನೆಯವರ ರೀತಿ, ದೂರ, ಹತ್ತಿರ, ಅನುಕೂಲ, ಅನನುಕೂಲ ಎಲ್ಲವನ್ನೂ ಪ್ರಮೇಯ ಬಿಡಿಸಿದಂತೆ ಬಿಡಿಸಿಟ್ಟು, ಕೊನೆಗೆ, ನಿರ್ಧಾರ ನಿನ್ನದು, ನಾನು ಯಾವತ್ತೂ ನಿನ್ನ ಮೇಲೆ ಹೇರುವವನಲ್ಲ ಎಂದಿದ್ದರು. ಎಂಥ ತಂದೆ ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡಿದ್ದರು. ಆ ಹುಡುಗ ಬಂದು ಹೋದ ದಿನವೇ, ಅವನು ಒಮ್ಮೆಯೂ ಮಗಳ ಕಡೆ ತಿರುಗಿ ಮಾತಾಡದೆ ಎಲ್ಲವನ್ನೂ ತನ್ನ ತಾಯಿಯ ಮುಖ ನೋಡಿ ಹೇಳಿದ್ದು ಅವರ ಕಣ್ಣಿಗೆ ಬಿದ್ದಿತ್ತು, ಬೇಡ ಎಂದು ಅನ್ನಿಸಿತ್ತು. ಅನ್ನಿಸಿದ್ದನ್ನು ಹೇಳಲಿಲ್ಲ. ಹೇಳಿದರೆ ನಾಳೆ ಅದರ ಹೊಣೆ ತಮ್ಮದಾಗುತ್ತದೆ. ಸೀಮೆಸುಣ್ಣದ ಚೂರು ಅವಳ ಬೆರಳಲ್ಲೇ ಪುಡಿಯಾಗಿತ್ತು. ಸರಿ ಅಪ್ಪ ಎಂದು ಅಂಗೈ ಕೊಡವಿಕೊಂಡು ಹೋಗಿದ್ದಳು.

ಇವತ್ತಾದರೂ ಅವರಿಗೆ ಏನೂ ಅನ್ನಿಸಿರಲಿಲ್ಲವೆ? ಬಂದ್ಬಿಡ್ಲಾ ಎಂದಾಗ ಮೊದಲು ಕಣ್ಣೆದುರು ಬಂದದ್ದು ಅವಳ ಮಂಚ. ಅದರ ಮೇಲೆ ಅವರು ವರ್ಷದಿಂದ ಒಟ್ಟಿದ್ದ ಹಳೆಯ ಉತ್ತರಪತ್ರಿಕೆಗಳ ಕಟ್ಟು, ಇಸ್ತ್ರಿಯಾಗದ ಬಟ್ಟೆ, ಮುರಿದ ಟೇಬಲ್ ಫ್ಯಾನು. ಇದನ್ನೆಲ್ಲ ಎಲ್ಲಿಡುವುದು ಎಂದು ಮನಸ್ಸು ಕೇಳಿತ್ತು. ಮಗಳು ಬದುಕನ್ನು ಕೈಯಲ್ಲಿ ಹಿಡಿದು ನಿಂತಾಗ ತಂದೆಯ ತಲೆಗೆ ಬಂದದ್ದು ಫ್ಯಾನು. ಎರಡನೆಯದಾಗಿ ಬಂದದ್ದು ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಗೇಟಿಗೆ ಮೊಳಕೈ ಊರಿ, ಏನ್ ಮೇಷ್ಟ್ರೆ ಮಗಳು ಬಂದ ಹಾಗಿದೆ, ಎಷ್ಟು ದಿನ, ಎಂದು ಕೇಳುವ ದನಿ. ಈ ಎರಡರ ಮೇಲೆ ಅವರು ಸರಳರೇಖೆ, ತಾಳ್ಮೆ, ದೇವರು ಎಲ್ಲವನ್ನೂ ಹೊದಿಸಿದ್ದರು. ದೇವರೇ, ಎಂದರು ಅವರು ಈಗ, ಕೇಳುವಷ್ಟು ಗಟ್ಟಿಯಾಗಿ.

"ದೇವರಿಗೂ ಇದು ಬರಲ್ಲ ಬಿಡಿ," ಎಂದರು ಡ್ರಾಯಿಂಗ್ ಮೇಷ್ಟ್ರು. "ಪಾಪ, ಅವನೂ ಹಳೇ ಕಾಲದವನು. ಅಯ್ಯೋ, ಮತ್ಯಾಕ್ರೀ ಕೆಂಪಾಯ್ತು? ಆ ಹುಡುಗಿ ಸರಿಮಾಡಿ ಕೊಟ್ಟಿತ್ತಲ್ಲ?"

ಕಿಟಕಿಯಾಚೆ ಯಾವನೋ ಹಳೇ ಕಬ್ಬಿಣ ಕೊಳ್ಳುವವನು ರಾಗವಾಗಿ ಕೂಗುತ್ತ ಹೋಗುತ್ತಿದ್ದ. ಆ ಕೂಗು ಗುಂಡು ಮೇಷ್ಟ್ರ ಬೆನ್ನಿಗೆ ತಣ್ಣಗೆ ತಾಗಿತು. ಬೆಳಿಗ್ಗೆ ಫೋನಿನಲ್ಲಿ ಮಗಳ ಮಾತಿನ ಹಿಂದೆ ಹೀಗೇ ಯಾರೋ ರಾಗವಾಗಿ ಕೂಗುತ್ತಿದ್ದರು. ಟೀವಿ ಇರಬೇಕು ಎಂದುಕೊಂಡು, ತಮ್ಮ ಮಾತು ಅವಳಿಗೆ ಕೇಳಿಸಲೆಂದು ದನಿ ಏರಿಸಿದ್ದರು. ಈಗ ಆ ಕೂಗು ಬಿಡಿಬಿಡಿಯಾಗಿ ಕೇಳಿಸಿತು. ಅವು ಊರುಗಳ ಹೆಸರು. ಒಂದಾದ ಮೇಲೊಂದು ಊರು, ಕೊನೆಯದನ್ನು ಎಳೆದು ಎಳೆದು. ಟೀವಿಯಲ್ಲಿ ಯಾರೂ ಹಾಗೆ ಊರುಗಳನ್ನು ಕೂಗುವುದಿಲ್ಲ. ಬಸ್ಸಿನ ಬಾಗಿಲಲ್ಲಿ ನೇತಾಡುವವರು ಕೂಗುತ್ತಾರೆ. ಅವಳ ಕೆಲಸದ ಜಾಗಕ್ಕೆ ಬಸ್ಸು ಬೇಕಿಲ್ಲ, ಓಣಿ ದಾಟಿದರೆ ಸಿಗುತ್ತದೆ. ಬೆಳ್ಳಂಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೇನು ಕೆಲಸ? ಕೈಯಲ್ಲಿ ಬ್ಯಾಗು ಹಿಡಿದೇ ಕೇಳಿದ್ದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೇಳಿದ್ದಳೋ ಏನೋ.

ಎದ್ದ ರಭಸಕ್ಕೆ ಗಾಲಿ ಕುರ್ಚಿ ಹಿಂದೆ ಹೋಗಿ ಕಪಾಟಿಗೆ ಬಡಿಯಿತು. ಬಾಗಿಲಲ್ಲಿ ಹೆಡ್ ಮೇಡಂ ಎದುರಾದರು. "ಮುಗೀತಾ ಸಾರ್?" ಎಂದರು. "ಇಲ್ಲ," ಎಂದರು ಮೇಷ್ಟ್ರು. ಮುಂದೆ ಏನಾದರೂ ಹೇಳುತ್ತಾರೆಂದು ಮೇಡಂ ಕಾದರು. ಏನೂ ಬರದಿದ್ದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹೊರಗಿನ ಮೊಗಸಾಲೆಯಲ್ಲಿ ನೀರಿನ ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಮಗಳಿಗೆಂದು ಮಾಡಿದ ಫೋನು ಮೊದಲು ಬೇರೆ ಯಾರಿಗೋ ಹೋಯಿತು, ಕತ್ತರಿಸಿದರು. ಎರಡನೆಯ ಸಲ ಗಂಟೆ ಹೊಡೆಯತೊಡಗಿತು. ಅಷ್ಟು ಹೊತ್ತಿನಲ್ಲಿ ಅವರ ಮನಸ್ಸು ಎಂದಿನಂತೆ ತನ್ನ ಕೆಲಸ ಶುರುಮಾಡಿತು. ಎಲ್ಲಿಂದ ಆರಂಭಿಸಬೇಕು, ಬೆಳಗಿನ ಮಾತಿಗೆ ಹೇಗೆ ತಿದ್ದುಪಡಿ ಹೇಳಬೇಕು, ಯಾವ ಉದಾಹರಣೆ. ಅದು ಸಾಲುಸಾಲಾಗಿ ನಿಂತಿತು, ಬಿಳಿ ಅಕ್ಷರಗಳಲ್ಲಿ.

"ಹೇಳಪ್ಪ."

"ಎಲ್ಲಿದ್ದೀಯಮ್ಮ?"

"ಇಲ್ಲೇ."

"ಇಲ್ಲೇ ಅಂದ್ರೆ?"

ಹಾರನ್ನುಗಳು ಕೇಳಿಸಿದವು. "ಬೆಂಚ್ ಮೇಲೆ ಕೂತಿದೀನಿ," ಎಂದಳು. "ವಾಪಸ್ ಹೋಗ್ಬೇಕು ಅಂತ ಎದ್ದೆ. ಆಮೇಲೆ ಮತ್ತೆ ಕೂತ್ಕೊಂಡೆ. ನೀನು ಹೇಳಿದ್ದನ್ನೆಲ್ಲ ಯೋಚಿಸ್ತಾ ಇದ್ದೆ ಅಪ್ಪ. ನೀನು ಹೇಳಿದ್ದೆಲ್ಲ ಸರಿಯಾಗೇ ಇದೆ. ಆದ್ರೆ..."

ಬೆಳಗಿನಿಂದ ಆ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅವರ ಮಾತನ್ನು ಹಿಂದೆ ಮುಂದೆ ತಿರುವಿ, ಅದರೊಳಗೆ ಎಲ್ಲಾದರೂ ಒಂದು ಬಾ ಅಥವಾ ಒಂದು ಬೇಡ ಸಿಕ್ಕಿಕೊಂಡಿದೆಯೇ ಎಂದು ಅವಳು ಹುಡುಕಿದ್ದಿರಬೇಕು. ಸಣ್ಣವಳಿದ್ದಾಗ, ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಗೆ ಬಂದು, ಅವರು ಬೋರ್ಡಿನ ಮೇಲೆ ಬಿಟ್ಟುಹೋದ ವೃತ್ತದ ನಟ್ಟನಡುವೆ ಬೆರಳಿಟ್ಟು ನಿಲ್ಲುತ್ತಿದ್ದಳು, ಅಪ್ಪ ಬರುವ ತನಕ ತೆಗೆಯುತ್ತಿರಲಿಲ್ಲ. ಮೇಷ್ಟ್ರ ಗಂಟಲಿನಲ್ಲಿ ಸಂಸಾರದ ಸ್ವಭಾವ ಮತ್ತೆ ಬಂದು ನಿಂತಿತು. ನೋಡಮ್ಮ, ಎಂದು ಬಾಯಿಯವರೆಗೂ ಬಂತು. ಅವರು ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬಾ," ಎಂದರು.

"ಏನಂದೆ ಅಪ್ಪ? ಗಲಾಟೆ ಇಲ್ಲಿ."

"ಬಾ. ಮನೆಗೆ ಬಾ."

ಆ ಕಡೆಯಿಂದ ಸರಿ ಎಂಬ ಮಾತು ಬರಲಿಲ್ಲ. ಆಮೇಲೆ, ತಡವಾಗಿ, ಮೂಗು ಕಟ್ಟಿದ ದನಿಯಲ್ಲಿ, "ಎಷ್ಟು ದಿನಕ್ಕೆ ಅಂತ ಕೇಳಲ್ವಾ?" ಎಂದಳು.

"ಇಲ್ಲ."

ಅವಳು ಫೋನನ್ನು ಕತ್ತರಿಸಲಿಲ್ಲ, ಮರೆತು ಕೈಯಲ್ಲೇ ಹಿಡಿದಿರಬೇಕು. ಬ್ಯಾಗಿನ ಜಿಪ್ಪು ಎಳೆದ ಸದ್ದು, ಚಪ್ಪಲಿಯ ಸದ್ದು. ದೂರದಲ್ಲಿದ್ದ ಕೂಗು ಹತ್ತಿರವಾಯಿತು. ಊರಾದ ಮೇಲೆ ಊರು, ಕೊನೆಗೆ ಇವರ ಊರು, ಎಳೆದು ಎಳೆದು. ಒಳಗೆ ತರಗತಿಯಲ್ಲಿ ಯಾರೋ ಅವರ ಹೆಸರು ಹಿಡಿದು ಕರೆಯುತ್ತಿದ್ದರು. ಮೇಷ್ಟ್ರು ಫೋನನ್ನು, ನೊರೆ ಒಣಗಿದ್ದ ಕೆನ್ನೆಯ ಪಕ್ಕದ ಕಿವಿಗೆ ಬದಲಾಯಿಸಿ ಒತ್ತಿ ಹಿಡಿದರು.

"ಇದು ಅಲ್ಲಿಗೆ ಹೋಗುತ್ತಾ?" ಮಗಳು ಯಾರನ್ನೋ ಕೇಳಿದಳು.

"ಹೋಗುತ್ತೆ," ಎಂದಿತು ಒಂದು ಒರಟು ದನಿ. "ಹತ್ತಮ್ಮ."